ಉಳುವವನ ಹೆಸರು ಪಹಣಿಗೆ ತಂದ ಡಿ. ದೇವರಾಜ ಅರಸು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ಈ ಸ್ಮರಣ ಸಂಚಿಕೆ ಬರುತ್ತಿದೆ. ನಿರ್ದೇಶಕರು ಒಬ್ಬೊಬ್ಬರೂ ಒಬ್ಬ ಮಹನೀಯರ ಬಗ್ಗೆ ಬರೆಯಬೇಕೆಂದು ಆಡಳಿತ ಮಂಡಳಿಯಲ್ಲಿ ತೀರ್ಮಾನವಾಯಿತು. ನಾನು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ, ನೇಗಿಲು ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿದವನಲ್ಲ. ಆದರೂ ನಮ್ಮ ಮನೆ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿರುವ ಒಂದು ಕಾಗದ ನನ್ನಿಂದ ಇದನ್ನು ಬರೆಸುತ್ತಿದೆ. ಅದು ನಮ್ಮ ತಾತನಿಗೆ ಭೂನ್ಯಾಯ ಮಂಡಳಿಯಿಂದ ಬಂದ ಅಧಿಭೋಗದ ಹಕ್ಕಿನ ಪತ್ರ. ಆ ಕಾಗದ ನಮ್ಮಂಥವರ ಮನೆಗೆ ಬರಲು ಕಾರಣರಾದವರು ದಿವಂಗತ ಶ್ರೀ ಡಿ. ದೇವರಾಜ ಅರಸುರವರು. ಅವರು ತೀರಿಕೊಂಡಾಗ ನಾನಿನ್ನೂ ತೊಟ್ಟಿಲ ಕೂಸು. ಅವರನ್ನು ಕಣ್ಣಾರೆ ಕಂಡವನಲ್ಲ, ಅವರು ಮಾಡಿದ ಕೆಲಸದ ಅನ್ನ ಉಂಡವನು.

ಹುಟ್ಟು ಮತ್ತು ವಿದ್ಯಾಭ್ಯಾಸ

ದೇವರಾಜ ಅರಸುರವರು 1915ನೇ ಇಸವಿ ಆಗಸ್ಟ್ 20ರಂದು ಹುಟ್ಟಿದರು. ಊರು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಮೈಸೂರು ಅರಮನೆಗೆ ಸಂಬಂಧಪಟ್ಟ ಅರಸು ಜನಾಂಗದವರಾದರೂ ಮನೆತನ ಬೇಸಾಯದ್ದು. ಸಿನಿಮಾ ರಂಗದಲ್ಲಿ ಹೆಸರು ಮಾಡಿದ ಕೆಂಪರಾಜ ಅರಸು ಇವರ ಸಹೋದರರು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿ ಪಡೆದರು. ಗಟ್ಟಿ ಮೈಕಟ್ಟಿನವರು, ಹುಡುಗಾಟದ ವಯಸ್ಸಿನಲ್ಲಿ ಕುಸ್ತಿಯ ಹವ್ಯಾಸವಿತ್ತು ಎನ್ನುತ್ತಾರೆ.

ಆ ಕಾಲಕ್ಕೆ ಬಿ.ಎಸ್ಸಿ. ಪಾಸಾದವರಿಗೆ ಸರ್ಕಾರಿ ನೌಕರಿ ಸಿಗುವುದು ಕಷ್ಟವೇನಿರಲಿಲ್ಲ. ಆದರೆ ಇವರು ಊರಿಗೆ ವಾಪಸು ಹೋಗಿ ಬೇಸಾಯಕ್ಕೆ ನಿಂತರು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಮುಂದೆ ಭೂಮಿ ವಿಚಾರದಲ್ಲಿ ಅವರು ಮಾಡಿದ ಕಾನೂನು ಕಚೇರಿ ಮೇಜಿನ ಮೇಲೆ ಹುಟ್ಟಿದ್ದಲ್ಲ. ಕೆಸರಿಗೆ ಇಳಿದು ದುಡಿಯುವವನು ಯಾರು, ಕಣದಲ್ಲಿ ಬಂದು ಅಳೆಸಿಕೊಂಡು ಹೋಗುವವನು ಯಾರು ಅನ್ನೋದನ್ನ ಅವರು ಊರಲ್ಲೇ ಕೂತು ಕಂಡಿದ್ದರು.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. ಸ್ವಾತಂತ್ರ್ಯ ಬಂದ ಮೇಲೆ 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಅಲ್ಲಿಂದ ಮುಂದೆ ಹುಣಸೂರಿನ ಜನ ಅವರ ಕೈ ಬಿಡಲಿಲ್ಲ. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿಯೂ ಕೆಲಸ ಮಾಡಿದರು.

ನಮ್ಮ ಲಾಲ್‌ಬಾಗಿನಿಂದ ಶುರುವಾದ ಬದಲಾವಣೆ

1969ರ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯಿತು. ಜಯನಗರದ ಪಕ್ಕದಲ್ಲೇ ಇರುವ, ನಾವು ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಅದೇ ಗಾಜಿನ ಮನೆ. ಅಲ್ಲಿ ಹುಟ್ಟಿದ ಭಿನ್ನಾಭಿಪ್ರಾಯ ಅದೇ ವರ್ಷದ ಕೊನೆಗೆ ಪಕ್ಷವನ್ನೇ ಎರಡು ಹೋಳು ಮಾಡಿತು. ರಾಜ್ಯದಲ್ಲಿ ದೊಡ್ಡ ದೊಡ್ಡ ಮುಖಂಡರೆಲ್ಲ ನಿಜಲಿಂಗಪ್ಪನವರ ಕಡೆ ನಿಂತರೆ, ಅರಸುರವರು ಇಂದಿರಾ ಗಾಂಧಿಯವರ ಕಡೆ ನಿಂತರು. ಆಗ ಅವರ ಹಿಂದೆ ಹೆಚ್ಚು ಜನ ಇರಲಿಲ್ಲ. ಅವರ ಜನಾಂಗವೂ ಎಣಿಕೆಗೆ ತೀರ ಸಣ್ಣದು. ಆದ್ದರಿಂದ ಅವರು ಯಾರ ಬೆನ್ನಿಗೂ ಯಾರೂ ಇಲ್ಲವೋ ಅಂಥ ಸಣ್ಣ ಸಣ್ಣ ಜಾತಿಯವರನ್ನು, ಹರಿಜನ ಗಿರಿಜನರನ್ನು, ಅಲ್ಪಸಂಖ್ಯಾತರನ್ನು ಹುಡುಕಿ ಹುಡುಕಿ ಟಿಕೆಟ್ ಕೊಟ್ಟರು. 1972ರ ಚುನಾವಣೆಯಲ್ಲಿ 216 ಸ್ಥಾನಗಳಲ್ಲಿ 165 ಗೆದ್ದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಗಳಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಇವರ ಕಾಲದಲ್ಲೇ.

ಗೇಣಿ ಅಂದರೆ ಏನಿತ್ತು

ಈಗಿನ ಹುಡುಗರಿಗೆ ಗೇಣಿ, ವಾರ ಅಂದರೆ ತಿಳಿಯದು. ಜಮೀನು ಒಬ್ಬರದು, ಬೆವರು ಇನ್ನೊಬ್ಬರದು. ಉತ್ತು ಬಿತ್ತಿ ಕೊಯ್ದು ಕಣ ಮಾಡಿದ ಮೇಲೆ ಒಡೆಯರ ಪಾಲು ಮೊದಲು ಅಳೆದು, ಮಿಕ್ಕಿದ್ದು ಗೇಣಿದಾರನಿಗೆ. ಮಳೆ ಕೈಕೊಟ್ಟ ವರ್ಷ ಗೇಣಿ ಬಾಕಿ ಬಿದ್ದು ಸಾಲವಾಗುತ್ತಿತ್ತು. ಸಾಲ ತೀರದಿದ್ದರೆ ಮನೆಯ ಹುಡುಗನೊಬ್ಬ ಜೀತಕ್ಕೆ ಸೇರುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ತೊಂದರೆ ಪಹಣಿಯಲ್ಲಿ ಹೆಸರಿಲ್ಲದಿರುವುದು. ಮುಂದಿನ ವರ್ಷ ಈ ಹೊಲ ನನಗೇ ಇರುತ್ತೋ ಇಲ್ವೋ ಅನ್ನೋನು ಗಾಡಿಗಟ್ಟಲೆ ಗೊಬ್ಬರ ಹೊಡೀತಾನಾ? ಬಾವಿ ತೋಡ್ತಾನಾ? ಬದು ಹಾಕ್ತಾನಾ? ಹೆಸರಿಲ್ಲದವನಿಗೆ ಸೊಸೈಟಿಯಲ್ಲಿ ಬೆಳೆ ಸಾಲವಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತುವಂತಿಲ್ಲ. ಹಾಗಾಗಿ ಭೂಮಿಯೂ ಬಡವಾಯಿತು, ಉಳುವವನೂ ಬಡವಾದ. ಬಡತನ ಅಂದರೆ ದುಡಿಮೆ ಇಲ್ಲದಿರುವುದು ಮಾತ್ರ ಅಲ್ಲ. ದುಡಿದರೂ ಅದರ ಫಲ ತನ್ನ ಹೆಸರಿಗೆ ನಿಲ್ಲದೆ ಇರುವುದೇ ದೊಡ್ಡ ಬಡತನ. ಇದನ್ನು ಅರ್ಥ ಮಾಡಿಕೊಂಡ ಮುಖ್ಯಮಂತ್ರಿ ಅರಸುರವರು ಎಂದರೆ ತಪ್ಪಾಗಲಾರದು.

ಫಾರಂ ನಂಬರ್ ಏಳು

ಗೇಣಿ ವಿರುದ್ಧದ ಹೋರಾಟ ಅರಸುರವರಿಂದಲೇ ಶುರುವಾಯಿತು ಎಂದು ಹೇಳಿದರೆ ಹಿಂದಿನವರಿಗೆ ಅನ್ಯಾಯ ಮಾಡಿದಂತೆ. 1951ರಲ್ಲೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರ ಸತ್ಯಾಗ್ರಹ ನಡೆದಿತ್ತು. 1961ರಲ್ಲಿ ಭೂಸುಧಾರಣೆ ಕಾನೂನೂ ಆಗಿ, 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತ್ತು. ಆದರೆ ಆ ಕಾನೂನಿನಲ್ಲಿ ತೂತುಗಳು ಬಹಳ. ಸ್ವಂತ ಸಾಗುವಳಿ ಮಾಡುತ್ತೇನೆಂದು ಹೇಳಿ ಗೇಣಿದಾರನನ್ನು ಬಿಡಿಸಲು ಒಡೆಯನಿಗೆ ದಾರಿಯಿತ್ತು.

ಅರಸುರವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಆ ದಿನದಿಂದ ಗೇಣಿಗಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂಬರ್ ಏಳರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಕೇಳಬಹುದು. ಅರ್ಜಿ ತೀರ್ಮಾನಕ್ಕೆ ತಾಲ್ಲೂಕಿನಲ್ಲೇ ಭೂನ್ಯಾಯ ಮಂಡಳಿ. ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು, ಅದರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರು ವಾದ ಮಾಡುವಂತಿಲ್ಲ ಎಂದೂ ಆ ಕಾನೂನಿನಲ್ಲಿ ಇತ್ತು. ಕೋರಾ ಪಂಚೆ ಉಟ್ಟವನು, ಸಹಿ ಬಾರದವನು ತನ್ನ ಬಾಯಲ್ಲೇ ತನ್ನ ಹೊಲದ ಕಥೆ ಹೇಳಲಿ ಎಂಬುದು ಅದರ ಉದ್ದೇಶ. ಎಡ ಬಲ ಹೊಲದವರು ಬಂದು ಇವನೇ ಉಳುತ್ತಿದ್ದದ್ದು ಎಂದು ಸಾಕ್ಷಿ ಹೇಳಿದರೆ ಅದಕ್ಕೂ ಬೆಲೆಯಿತ್ತು.

ಅರ್ಜಿ ಹಾಕುವ ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮೇಲ್ಪಟ್ಟು ಅರ್ಜಿಗಳು ಬಂದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳುವವನ ಪರವಾಗಿ ತೀರ್ಮಾನವಾದವು. ಕರಾವಳಿ, ಮಲೆನಾಡಿನ ಕಡೆ ಗೇಣಿ ಜಾಸ್ತಿ ಇದ್ದುದರಿಂದ ಅಲ್ಲಿ ಹೆಚ್ಚು ಜನಕ್ಕೆ ಅನುಕೂಲವಾಯಿತು. ನಮ್ಮ ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿ ಅಷ್ಟು ಇಲ್ಲದಿದ್ದರೂ ಅನೇಕ ಮನೆಗಳ ಒಲೆ ಹೊತ್ತಿದ್ದು ಇದರಿಂದಲೇ. ಕೇರಳ, ಪಶ್ಚಿಮ ಬಂಗಾಳದಲ್ಲಿ ಇಂಥ ಕೆಲಸವನ್ನು ಕಮ್ಯುನಿಸ್ಟ್ ಪಕ್ಷಗಳು ಮಾಡಿದವು. ನಮ್ಮಲ್ಲಿ ಮಾಡಿದ್ದು ಸ್ವತಃ ಜಮೀನಿದ್ದ ಮನೆತನದಲ್ಲಿ ಹುಟ್ಟಿದ ಒಬ್ಬ ರೈತ, ಅದೂ ಹೆಚ್ಚು ರಕ್ತಪಾತವಿಲ್ಲದೆ.

ನಮ್ಮ ತಾತ ಅರ್ಜಿ ಹಾಕಲು ಹೆದರಿದ್ದನಂತೆ. ಒಡೆಯರ ಮನೆಯವರು ಕೆಟ್ಟವರೇನಲ್ಲ, ಹಬ್ಬಕ್ಕೆ ಕರೆದು ಊಟ ಹಾಕುತ್ತಿದ್ದವರು. ಅವರ ಮೇಲೆ ಕಾಗದ ಹಾಕುವುದು ಉಂಡ ಮನೆಗೆ ಎರಡು ಬಗೆದಂತೆ ಎಂದು ಅವನ ಸಂಕಟ. ನಮ್ಮಜ್ಜಿಯೇ ಹಟ ಹಿಡಿದು ಕಳಿಸಿದಳಂತೆ. ಎರಡು ಎಕರೆ ಚಿಲ್ಲರೆ ನಮ್ಮದಾಯಿತು. ಪಕ್ಕದ ಹೊಲ ಉಳುತ್ತಿದ್ದ ನಮ್ಮ ಬೀದಿಯವರೇ ಒಬ್ಬರು ಮಾತ್ರ ಮುಲಾಜಿಗೆ ಬಿದ್ದು ಅರ್ಜಿ ಹಾಕಲಿಲ್ಲ. ಅವರ ಮಕ್ಕಳು ಇವತ್ತಿಗೂ ಕೂಲಿ ಮಾಡುತ್ತಾರೆ. ಒಂದೇ ಬೀದಿ, ಒಂದೇ ಥರದ ದುಡಿಮೆ, ಒಂದು ಕಾಗದದ ವ್ಯತ್ಯಾಸ. ಕಾನೂನು ಎಷ್ಟೇ ಒಳ್ಳೆಯದಿದ್ದರೂ ಧೈರ್ಯ ಇಲ್ಲದವನ ಮನೆ ಬಾಗಿಲಿಗೆ ಅದು ತಾನಾಗಿ ಬರುವುದಿಲ್ಲ ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಮನಸ್ಸು ಕಲಕುತ್ತದೆ.

ಭೂಮಿ ಇಲ್ಲದವರಿಗೆ

ಗೇಣಿ ಜಮೀನೂ ಇಲ್ಲದ ಬರೀ ಕೂಲಿಯವರಿಗೆ ಈ ಕಾನೂನಿನಿಂದ ಆದ ಅನುಕೂಲ ಕಡಿಮೆ. ಇದು ಒಪ್ಪಬೇಕಾದ ಮಾತು. ಹೆಚ್ಚುವರಿ ಜಮೀನು ಹಂಚಿಕೆ ಅಂದುಕೊಂಡಷ್ಟು ಆಗಲಿಲ್ಲ. ಅವರಿಗಾಗಿ ಬೇರೆ ಕಾರ್ಯಕ್ರಮಗಳು ಬಂದವು. ಮನೆ ಇಲ್ಲದವರಿಗೆ ನಿವೇಶನ, ಜನತಾ ಮನೆ ಕೊಟ್ಟರು. 1975-76ರಲ್ಲಿ ಜೀತ ಪದ್ಧತಿ ಕಾನೂನಿನ ಪ್ರಕಾರ ರದ್ದಾಯಿತು. 1976ರ ಋಣ ಪರಿಹಾರ ಕಾಯ್ದೆಯಿಂದ ಸಣ್ಣ ರೈತರು, ಕೂಲಿಕಾರರು ಸಾಹುಕಾರರ ಸಾಲದಿಂದ ಬಿಡುಗಡೆಯಾದರು. ಗಿರವಿ ಇಟ್ಟಿದ್ದ ಒಡವೆ, ಪಾತ್ರೆ ಪಗಡ ವಾಪಸು ಬಂದವು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರರ ಪಾಲಾಗದಂತೆ 1978ರ ಕಾನೂನು ಮಾಡಿ 1979ರ ಜನವರಿ 1ರಿಂದ ಜಾರಿಗೆ ತಂದರು.

ಓದಿ ಕೆಲಸವಿಲ್ಲದೆ ಕೂತ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಸರ್ಕಾರಿ ಕಚೇರಿಗಳಲ್ಲಿ ಕೆಲಸಕ್ಕೆ ಹಚ್ಚುವ ಯೋಜನೆಯನ್ನೂ ತಂದರು. ಹಿಂದುಳಿದ ವರ್ಗದವರ ಸ್ಥಿತಿ ತಿಳಿಯಲು 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿ, 1975ರಲ್ಲಿ ಬಂದ ವರದಿಯ ಆಧಾರದ ಮೇಲೆ 1977ರಲ್ಲಿ ಮೀಸಲಾತಿ ಆದೇಶ ಹೊರಡಿಸಿದರು. ಎಷ್ಟೋ ಮನೆಗಳಲ್ಲಿ ಮೊದಲ ಮೇಷ್ಟ್ರು, ಮೊದಲ ಗುಮಾಸ್ತ, ಮೊದಲ ನರ್ಸು ಬಂದದ್ದು ಆ ನಂತರವೇ.

ಸಾಲ ಮನ್ನಾ ವಿಷಯದಲ್ಲಿ ಒಂದು ಮಾತು. ಸಾಹುಕಾರನ ಹಳೆ ಸಾಲ ಹೋಯಿತು ನಿಜ, ಆದರೆ ಅವನು ಹೊಸ ಸಾಲ ಕೊಡುವುದನ್ನೂ ನಿಲ್ಲಿಸಿದ. ಮದುವೆಗೆ, ಬೀಜಕ್ಕೆ, ಆಸ್ಪತ್ರೆಗೆ ದುಡ್ಡು ಎಲ್ಲಿಂದ ತರಬೇಕು? ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಬಾಗಿಲು ಬೇಕಲ್ಲ, ಆ ಬಾಗಿಲೇ ಸಹಕಾರ ಸಂಘ. ಮಂಡಳಿಯಿಂದ ಬಂದ ಜಮೀನನ್ನು ಇಂತಿಷ್ಟು ವರ್ಷ ಮಾರುವಂತಿಲ್ಲ ಎಂಬ ನಿಬಂಧನೆ ಇತ್ತು, ಮುಂದೆ ಅದು 15 ವರ್ಷ ಎಂದಾಯಿತು. ಆದರೆ ಅಭಿವೃದ್ಧಿ ಸಾಲಕ್ಕಾಗಿ ಸಹಕಾರ ಸಂಘಕ್ಕೋ ಬ್ಯಾಂಕಿಗೋ ಆಧಾರ ಮಾಡಲು ಅಡ್ಡಿ ಇರಲಿಲ್ಲ. ಜಮೀನು ಕೈ ಬಿಟ್ಟು ಹೋಗಬಾರದು, ಆದರೆ ಅದರ ಮೇಲೆ ಬಾವಿ, ಪಂಪು, ಹಸು ಬರಬೇಕು ಎಂಬುದು ಇದರ ತಾತ್ಪರ್ಯ.

ಹಾಲಿನ ಡೈರಿ ಬಂದದ್ದು

ನಮ್ಮ ಸಂಘದ ಸದಸ್ಯರು ಇದನ್ನು ಗಮನವಿಟ್ಟು ಓದಬೇಕು. ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆ ಕೂಡುವ ಕಡೆ ಡೈರಿ ಸರ್ಕಲ್ ಇದೆಯಲ್ಲ, ಅಲ್ಲಿನ ಬೆಂಗಳೂರು ಡೈರಿಯನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಉದ್ಘಾಟಿಸಿದರು. ಪಟ್ಟಣಕ್ಕೆ ಹಾಲು ಹಂಚುವ ಕಾರ್ಖಾನೆ ಆಯಿತೇ ಹೊರತು, ಹಳ್ಳಿಯವನ ಕೈಯಲ್ಲಿ ಅದರ ಕೀಲಿ ಇರಲಿಲ್ಲ. ಗುಜರಾತಿನ ಆನಂದದಲ್ಲಿ ರೈತರೇ ಸಂಘ ಕಟ್ಟಿ, ರೈತರೇ ಒಕ್ಕೂಟ ನಡೆಸುವ ಮಾದರಿ 1946ರಿಂದಲೂ ಇತ್ತು. ಅದೇ ಮಾದರಿ ನಮ್ಮ ದಕ್ಷಿಣ ಕರ್ನಾಟಕದ ಜಿಲ್ಲೆಗಳಿಗೆ ಬಂದದ್ದು ಅರಸುರವರ ಕಾಲದಲ್ಲಿ, 1974ರ ವಿಶ್ವಬ್ಯಾಂಕ್ ನೆರವಿನ ಯೋಜನೆಯಿಂದ. ಬೆಂಗಳೂರು ಹಾಲು ಒಕ್ಕೂಟ ಹುಟ್ಟಿದ್ದು 1975ರಲ್ಲಿ. ಆಗ ಇದ್ದ ಡೈರಿ ಅಭಿವೃದ್ಧಿ ನಿಗಮವೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು.

ಎರಡು ಎಕರೆ ಬೆದ್ದಲು ಹೊಲದಲ್ಲಿ ರಾಗಿ, ಅವರೆ ಬೆಳೆದರೆ ವರ್ಷಕ್ಕೆ ನಾಲ್ಕೈದು ತಿಂಗಳು ಕೆಲಸ. ಮಿಕ್ಕ ದಿನ ಜಗುಲಿ ಮೇಲೆ ಕೂರಬೇಕು, ಇಲ್ಲಾ ಗಾರೆ ಕೆಲಸ ಹುಡುಕಿಕೊಂಡು ಜಯನಗರಕ್ಕೆ ನಡೆಯಬೇಕು. ಅದೇ ಮನೆಗೆ ಒಂದು ಸೀಮೆ ಹಸು ಬಂದರೆ ವರ್ಷದ 365 ದಿನವೂ ಬೆಳಿಗ್ಗೆ ಸಾಯಂಕಾಲ ಕೆಲಸ. ಅದೂ ಮನೆ ಹೆಣ್ಣುಮಕ್ಕಳ ಕೈಗೆ. ಸ್ವಂತ ಹೊಲವಿದ್ದರೆ ಅಂಚಿನಲ್ಲಿ ಹುಲ್ಲು, ಹಸುವಿದ್ದರೆ ಹೊಲಕ್ಕೆ ಗೊಬ್ಬರ, ಹಾಲಿದ್ದರೆ ಬಟವಾಡೆ ದಿನ ಕೈಗೆ ಕಾಸು. ನಿರುದ್ಯೋಗ ನಿವಾರಣೆ ಅಂದರೆ ಪಟ್ಟಣದ ನೌಕರಿ ಒಂದೇ ಅಲ್ಲ, ಇದ್ದ ಊರಲ್ಲೇ ದಿನಾ ಕೆಲಸ ಇರುವುದೂ ಉದ್ಯೋಗವೇ ಎಂದು ನನ್ನ ಅಲ್ಪ ತಿಳುವಳಿಕೆ. ಭೂಮಿಯ ಕಾಗದ ಒಂದು ಕೈ, ಹಾಲಿನ ಸಂಘ ಇನ್ನೊಂದು ಕೈ. ಎರಡೂ ಸೇರಿದ ಮೇಲೆಯೇ ಚಪ್ಪಾಳೆ.

ಪಟ್ಟಣ ಬೆಳೆದದ್ದು

ಪಟ್ಟಣದ ಕಡೆಯೂ ಅವರು ಕಣ್ಣು ಮುಚ್ಚಿರಲಿಲ್ಲ. 1976ರಲ್ಲಿ ಕಿಯೋನಿಕ್ಸ್ ಸಂಸ್ಥೆ ಸ್ಥಾಪನೆಯಾಗಿ, 1978ರಲ್ಲಿ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. ಅದರ ಕನಸು ಕಂಡವರು ಆರ್.ಕೆ. ಬಾಳಿಗರು. ಇವತ್ತು ಅಲ್ಲಿ ಲಕ್ಷಾಂತರ ಜನ ದುಡಿಯುತ್ತಾರೆ, ನಮ್ಮೂರ ಹುಡುಗರೂ ಇದ್ದಾರೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದೂ 1976ರಲ್ಲೇ. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಕದಿರೇನಹಳ್ಳಿ ಮುಂತಾದ ಊರುಗಳ ಗದ್ದೆ ಹೊಲಗಳು ಒಂದೊಂದಾಗಿ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳಾದವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರಿನ ಹೆಸರು ಬಿ.ಟಿ.ಎಂ. ಎಂಬ ಮೂರು ಅಕ್ಷರದಲ್ಲಿ ಅಡಗಿಕೊಂಡಿತು. ಹೀಗೆ ಒಂದೇ ಸರ್ಕಾರದ ಕಾಲದಲ್ಲಿ ಒಂದು ಕಾನೂನು ಉಳುವವನ ಹೆಸರಿಗೆ ಭೂಮಿ ಬರೆಯಿತು, ಇನ್ನೊಂದು ಕಾನೂನು ಪಟ್ಟಣಕ್ಕೆ ಭೂಮಿ ಅಳೆಯಿತು. ಇದನ್ನು ತಪ್ಪು ಎಂದು ಹೇಳಲು ನಾನು ಯಾರು? ಪಟ್ಟಣ ಬೆಳೆಯದಿದ್ದರೆ ನಮ್ಮ ಹಾಲು ಕುಡಿಯುವವರು ಯಾರು? ಆದರೆ ಕಾಗದದಲ್ಲಿ ಹೆಸರಿದ್ದವನಿಗೆ ಅಷ್ಟೋ ಇಷ್ಟೋ ಪರಿಹಾರ ಬಂತು, ಹೆಸರಿಲ್ಲದೆ ಉಳುತ್ತಿದ್ದವನು ಬರಿಗೈಲಿ ಎದ್ದು ಹೋದ. ಅಲ್ಲಿಯೂ ಪಹಣಿಯ ಹೆಸರೇ ಮುಖ್ಯವಾಯಿತು.

ಕೊನೆಯ ದಿನಗಳು

ಅರಸುರವರಲ್ಲಿ ಕುಂದೇ ಇರಲಿಲ್ಲ ಎಂದು ಬರೆದರೆ ಸುಳ್ಳು ಬರೆದಂತಾಗುತ್ತದೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಇಲ್ಲಿಯೂ ಅನೇಕರು ಜೈಲಿಗೆ ಹೋದರು. ಅವರ ಸರ್ಕಾರದ ಮೇಲೆ ಭ್ರಷ್ಟಾಚಾರದ ಆರೋಪಗಳು ಬಂದು, ಕೇಂದ್ರದ ಜನತಾ ಸರ್ಕಾರ 1977ರಲ್ಲಿ ಗ್ರೋವರ್ ಆಯೋಗ ನೇಮಿಸಿತು. ಅದೇ ವರ್ಷ ಡಿಸೆಂಬರ್ 31ರಂದು ಅವರ ಅಧಿಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಆದರೆ 1978ರ ಫೆಬ್ರವರಿ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ಆರೋಪ ಕೇಳಿಯೂ ಜನ ಓಟು ಹಾಕಿದ್ದು ಯಾಕೆಂದು ನಮ್ಮ ತಾತನನ್ನು ಕೇಳಿದರೆ ಟ್ರಂಕಿನ ಕಡೆ ಕೈ ತೋರಿಸುತ್ತಿದ್ದ, ಅಷ್ಟೆ.

ಅದೇ ವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿಕೊಟ್ಟರು. ಆದರೆ 1979ರಲ್ಲಿ ಅವರಿಬ್ಬರ ನಡುವೆ ಬಿರುಕು ಬಿದ್ದು ಅರಸುರವರು ಬೇರೆಯಾದರು. 1980ರ ಜನವರಿಯಲ್ಲಿ ಅಧಿಕಾರ ಬಿಟ್ಟರು. ಕೈ ಹಿಡಿದು ಮೇಲೆ ತಂದವರಲ್ಲಿ ಬಹಳ ಜನ ಆಗ ಅವರ ಜೊತೆ ಉಳಿಯಲಿಲ್ಲ. ಆಮೇಲೆ ಕ್ರಾಂತಿರಂಗ ಎಂಬ ಪಕ್ಷ ಕಟ್ಟಿದರು. ಅದರ ಫಲ ನೋಡುವ ಮುಂಚೆಯೇ 1982ರ ಜೂನ್ 6ರಂದು ತೀರಿಕೊಂಡರು. ಆಗ ಅವರಿಗೆ 66 ವರ್ಷ.

ನಮ್ಮ ಕರ್ತವ್ಯ

ಅರಸುರವರು ಕೊಟ್ಟಿದ್ದನ್ನು ನಾವು ಏನು ಮಾಡಿದೆವು ಎಂದು ಈ ಬೆಳ್ಳಿ ಹಬ್ಬದ ದಿನ ಕೇಳಿಕೊಳ್ಳಬೇಕು. ನಮ್ಮ ಕಡೆ ಜಮೀನಿಗೆ ಬಂದ ಬೆಲೆ ನೋಡಿ ಎಷ್ಟೋ ಜನ ಮಾರಿದರು. ಮಕ್ಕಳ ಓದಿಗೆ, ಆಸ್ಪತ್ರೆಗೆ ಮಾರಿದವರ ಮಾತು ಬೇರೆ. ಕಾರು ತಗೊಂಡು, ಮೂರೇ ವರ್ಷದಲ್ಲಿ ದುಡ್ಡು ಕರಗಿಸಿ, ತಾವು ಮಾರಿದ ಜಾಗದಲ್ಲೇ ಎದ್ದ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದವರೂ ಇದ್ದಾರೆ. ಹೆಸರು ಹೇಳುವುದು ಬೇಡ, ಎಲ್ಲರಿಗೂ ಗೊತ್ತು. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ ತಡೆಯೂ 2020ರ ತಿದ್ದುಪಡಿಯಿಂದ ಹೋಗಿದೆ. ಇನ್ನು ಮೇಲೆ ಜಮೀನು ಉಳಿಸಿಕೊಳ್ಳುವುದು ಕಾನೂನಿನ ಕೈಯಲ್ಲಿಲ್ಲ, ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಮೂರು. ತಾತ ಮುತ್ತಾತನ ಕಾಲದ ಪಹಣಿ, ಪೌತಿ ಖಾತೆ ಇನ್ನೂ ಸರಿ ಮಾಡಿಸದವರು ಈ ವರ್ಷ ಮಾಡಿಸಿಕೊಳ್ಳಿ, ಹೆಣ್ಣುಮಕ್ಕಳ ಹೆಸರನ್ನೂ ಬಿಡಬೇಡಿ. ಹಸು ಕಟ್ಟಿ ಹಾಲು ಕರೆಯುವುದು ಮನೆಯಾಕೆ ಆಗಿರುವಾಗ ಸಂಘದ ಷೇರು ಗಂಡನ ಹೆಸರಲ್ಲಿ ಮಾತ್ರ ಇರುವುದು ಇನ್ನೊಂದು ಥರದ ಗೇಣಿಯೇ, ಆಕೆಯನ್ನೂ ಸದಸ್ಯಳನ್ನಾಗಿ ಮಾಡಿ. ಜಮೀನೇ ಇಲ್ಲದ ಕೂಲಿ ಮನೆಯವರು ಒಂದು ಹಸು ಕಟ್ಟಲು ಮುಂದೆ ಬಂದರೆ, ಹುಲ್ಲಿಗೆ ನಮ್ಮ ಬದುವಿನಲ್ಲಿ ಜಾಗ ಕೊಡೋಣ. ಅಂದು ಅರ್ಜಿ ಹಾಕಲು ಹೆದರಿದ ಮನೆಯವರನ್ನು ಕೈ ಹಿಡಿಯಲು ನಮಗೆ ಇದೊಂದು ಅವಕಾಶ.

ಅರಸುರವರ ಭಾವಚಿತ್ರ ನಮ್ಮ ಸಂಘದ ಕಚೇರಿಯಲ್ಲಿ ಇಲ್ಲ. ಈ ಹಬ್ಬದ ನೆನಪಿಗೆ ಒಂದು ಹಾಕಿಸಬೇಕೆಂದು ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ. ಹಾಲು ಅಳೆಯುವ ಮೇಜಿನ ಎದುರು ಗೋಡೆಗೆ ಇದ್ದರೆ, ಬೆಳಗಿನ ಜಾವ ಕ್ಯಾನು ಹಿಡಿದು ಬರುವವರೆಲ್ಲರಿಗೂ ಕಾಣುತ್ತದೆ.

ಬರವಣಿಗೆಯಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.

ಜೈ ಸಹಕಾರ.

– ನಿರ್ದೇಶಕರು, ಹಾಲು ಉತ್ಪಾದಕರ ಸಹಕಾರ ಸಂಘ